ಖಾತ್ರಿಗೊಂದು ಪ್ರಶ್ನೆ

ನನಗೆ ಫೋನ್ ಮಾಡಿ ಮೋಸ ಮಾಡಲು ನೋಡಿದವರು ಎರಡನೇ ಸಲ ಆ ಧೈರ್ಯ ಮಾಡುವುದಿಲ್ಲ. ಕರೆಂಟು ಕಡಿಯುತ್ತೇವೆ ಎಂದು ಹೆದರಿಸಿದವನಿಗೆ, ಮಗನೇ ಮೊದಲು ನಿಮ್ಮವ್ವನ ಕೈಗೆ ಫೋನು ಕೊಡು, ಆಕೆಗೆ ಎರಡು ಮಾತು ಹೇಳುವುದಿದೆ ಎಂದಿದ್ದೆ. ಲಾಟರಿ ಹತ್ತಿದೆ ಎಂದು ಉಲಿದವಳಿಗೆ, ನಮ್ಮೂರು ಸೋನ್ಯಾಳಕ್ಕೆ ಬಂದು ಕೈಯಾರೆ ಕೊಟ್ಟು ಹೋಗವ್ವಾ, ರೊಟ್ಟಿ ಉಣ್ಣಿಸಿ ಕಳಿಸುತ್ತೇನೆ ಎಂದಿದ್ದೆ. ಆಕೆಯೇ ಫೋನು ಇಟ್ಟಳು. ಹೊಸ ನಂಬರಿನಿಂದ ಫೋನು ಬಂದರೆ ನಮ್ಮ ಓಣಿಯ ಹೆಂಗಸರು ಅದನ್ನು ಹಿಡಿದುಕೊಂಡು ನೇರ ನನ್ನ ಬಳಿಗೇ ಬರುತ್ತಾರೆ.

ಈ ಬುದ್ಧಿ ಕಲಿಸಿದವರು ನಮ್ಮ ಮನೆಯವರು. ಇವರದು ಮನೂಕದ ವ್ಯಾಪಾರ. ಒಣದ್ರಾಕ್ಷಿಗೆ ನಮ್ಮ ಕಡೆ ಮನೂಕ ಎನ್ನುತ್ತೇವೆ. ಸುತ್ತಲಿನ ತೋಟಗಳಲ್ಲಿ ಮಾಲು ಹಿಡಿದು ಮರಾಠಿ ಸೀಮೆಯ ತಾಸಗಾಂವದ ಪೇಟೆಗೆ ಹಾಕುತ್ತಾರೆ. ಸೋಮವಾರ ಹೋದರೆ ಗುರುವಾರ ಸಂಜೆ ಬರುವುದು. ಅಲ್ಲಿ ಇಳಿದುಕೊಳ್ಳಲು ಒಂದು ಕೋಣೆ ಹಿಡಿದಿದ್ದಾರೆ ಎಂದು ನನಗೆ ಗೊತ್ತಿತ್ತು. ನಾಲ್ಕು ಊರಿನ ಮಂದಿಯ ಜೊತೆ ವ್ಯವಹಾರ ಮಾಡುವ ಮನುಷ್ಯ, ಹಾಗಾಗಿ ಯಾರನ್ನೂ ನಂಬಬೇಡ ಎಂಬುದು ಇವರ ಬಾಯಲ್ಲಿ ಜಪವಾಗಿತ್ತು. ಹುಟ್ಟಿದ ದಿನ ಕೇಳಿದರೆ ಹೇಳಬೇಡ, ತಾಯಿಯ ಹೆಸರು ಕೇಳಿದರೆ ಹೇಳಬೇಡ, ನಿನ್ನ ಗುರುತೆಲ್ಲ ಅದರಲ್ಲೇ ಇರುತ್ತದೆ ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಇವರ ಹೆಸರು ಹೇಳದೆ ಇವರು, ಮನೆಯವರು ಎಂದೇ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹಿಡಿಯುವುದಿಲ್ಲ. ಹೇಳಲೇಬೇಕಾದರೆ ಮದುವೆಯಲ್ಲಿ, ಬಾಗಿಲು ತಡೆದು ನಿಂತ ನಾದಿನಿಯರ ಮುಂದೆ, ಒಡಪಿನೊಳಗೆ ಸೇರಿಸಿ ಹೇಳುತ್ತೇವೆ. ಎರಡು ಸಾಲಿನ ಹಾಡಿನಂಥದು. ಅದರ ನಡುವೆ ಹೆಸರು ಬಂದು ಹೋಗಿಬಿಡುತ್ತದೆ, ನಾಲಿಗೆಗೆ ಭಾರವಾಗುವುದಿಲ್ಲ. ನನ್ನ ಒಡಪು ನಾನೇ ಕಟ್ಟಿದ್ದು. "ದ್ರಾಕ್ಷಿ ಒಣಗಿ ಮನೂಕ ಆಗ್ತಾವ ನೆರಳಾಗ, — ಅವರ ಹೆಸರ ಕಟ್ಕೊಂಡೀನಿ ಕೊರಳಾಗ." ಗೆರೆ ಎಳೆದ ಜಾಗದಲ್ಲಿ ಇವರ ಹೆಸರು. ಮಲ್ಲಯ್ಯನ ಕ್ಷೇತ್ರದ ಹೆಸರನ್ನೇ ಇವರಿಗೆ ಇಟ್ಟಿರುವುದರಿಂದ ನಾನು ಆ ಕ್ಷೇತ್ರದ ಹೆಸರನ್ನೂ ಹೇಳುವವಳಲ್ಲ. ಊರವರು ಪಾದಯಾತ್ರೆ ಹೊರಟರೆ, ಮಲ್ಲಯ್ಯನ ಗುಡ್ಡಕ್ಕೆ ಹೊರಟರು ಎನ್ನುತ್ತೇನೆ. ಇವರೂ ನನ್ನ ಹೆಸರು ಹಿಡಿದು ಕರೆದವರಲ್ಲ. ಏ ಕೇಳಿಲ್ಲಿ, ಎಂದರೆ ಅದು ನಾನು.

ಒಂದು ಮಂಗಳವಾರ ಮಧ್ಯಾಹ್ನ ಬ್ಯಾಂಕಿನಿಂದ ಎಂದು ಫೋನು ಬಂತು. ಹುಡುಗ ಮೊದಲು ಹಿಂದಿಯಲ್ಲಿ, ನಾನು ಸುಮ್ಮನಿದ್ದುದಕ್ಕೆ ಆಮೇಲೆ ಮರಾಠಿಯಲ್ಲಿ ಮಾತಾಡಿದ. ನಂದಾ ಮ್ಯಾಡಮ್ ಅಲ್ಲವೇ, ನಿಮ್ಮ ಹೊಸ ಕ್ರೆಡಿಟ್ ಕಾರ್ಡು ಚಾಲೂ ಮಾಡಲು ನೀವು ಕೊಟ್ಟ ಉತ್ತರಗಳಲ್ಲಿ ಒಂದು ಸ್ಪಷ್ಟವಾಗಿಲ್ಲ, ಖಾತ್ರಿಗಾಗಿ ಅದನ್ನೊಂದು ಮತ್ತೆ ಹೇಳಿಬಿಡಿ ಎಂದ. ನಾನು ಯಾವ ಕಾರ್ಡೂ ಕೇಳಿಲ್ಲ ಎಂದೆ. ಅವನು ಅದನ್ನು ಕಿವಿಗೇ ಹಾಕಿಕೊಳ್ಳದೆ, ನಿಮ್ಮ ಯಜಮಾನರ ಪೂರ್ತಿ ಹೆಸರು ಹೇಳಿ ಎಂದ. ಲೋಕದಲ್ಲಿ ಇಷ್ಟೊಂದು ಪ್ರಶ್ನೆಗಳಿರುವಾಗ ಇವನಿಗೆ ಇದೇ ಬೇಕಾಯಿತೇ ಎಂದು ನನ್ನ ಪಿತ್ತ ನೆತ್ತಿಗೇರಿತು. ಅವನ ಏಳು ತಲೆಮಾರನ್ನು ಎತ್ತಿ ಆಡಿ ಫೋನು ಇಟ್ಟೆ.

ಇಟ್ಟ ಮೇಲೆ ಜೋಳ ಹಸನು ಮಾಡಲು ಕೂತೆ. ಮೊರ ಕೈಯಲ್ಲೇ ಉಳಿಯಿತು. ನೀವು ಕೊಟ್ಟ ಉತ್ತರಗಳಲ್ಲಿ, ಎಂದಿದ್ದನಲ್ಲ ಅವನು? ನಾನು ಯಾವ ಉತ್ತರ ಕೊಟ್ಟಿದ್ದೆ? ಕಳ್ಳನಾಗಿದ್ದರೆ ಎಲ್ಲವನ್ನೂ ಕೇಳುತ್ತಿದ್ದ. ಇವನು ಕೇಳಿದ್ದು ಒಂದೇ. ಉಳಿದದ್ದನ್ನು ನನ್ನ ಹೆಸರಿನಲ್ಲಿ ಯಾರೋ ಆಗಲೇ ಹೇಳಿಬಿಟ್ಟಿದ್ದಾರೆ ಎಂದು ಆಗ ಹೊಳೆಯಿತು.

ತಾಸಗಾಂವಕ್ಕೆ ಫೋನು ಹಚ್ಚಿದೆ. ಇವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, ಅದೆಲ್ಲ ಫ್ರಾಡ್ ಇರುತ್ತದೆ, ಆ ನಂಬರನ್ನು ಬ್ಲಾಕ್ ಮಾಡು ಎಂದರು. ನಾಳೆ ಜತ್ತಕ್ಕೆ ಹೋಗಿ ಬ್ಯಾಂಕಿನಲ್ಲಿ ವಿಚಾರಿಸುತ್ತೇನೆ ಎಂದೆ. ಬ್ಯಾಡ ಬ್ಯಾಡ, ನಾನೇ ಗುರುವಾರ ಬಂದು ನೋಡುತ್ತೇನೆ, ನೀನು ಮನೆ ಬಿಟ್ಟು ಅಲುಗಬೇಡ ಎಂದರು. ನನ್ನ ಕಾಳಜಿಗೇ ಹೇಳುತ್ತಿದ್ದಾರೆ ಅಂದುಕೊಂಡೆ.

ನನ್ನ ಸಂಶಯ ಹೋದದ್ದು ಸೊಸೆಯ ಮೇಲೆ. ಸುಳ್ಳು ಯಾಕೆ ಹೇಳಲಿ, ಬೇರೆ ಯಾರ ಮೇಲೂ ಹೋಗಲೇ ಇಲ್ಲ. ಸೃಷ್ಟಿ ವಿಜಾಪುರದಲ್ಲಿ ಕಾಲೇಜು ಓದಿ ಬಂದ ಹುಡುಗಿ. ನನ್ನ ಆಧಾರು, ಪ್ಯಾನು, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲದರ ಫೋಟೊ ಆಕೆಯ ಫೋನಿನಲ್ಲಿದ್ದವು. ಸರಕಾರದ ಯಾವುದೇ ಅರ್ಜಿ ಇದ್ದರೂ ತುಂಬುವವಳು ಆಕೆಯೇ. ಹಿಂದಿನ ವಾರ ಕೊರಿಯರಿನವನು ಒಂದು ಡಬ್ಬಿ ಕೊಟ್ಟು ಹೋಗಿದ್ದ, ಅದನ್ನು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಬಿಚ್ಚಿದ್ದಳು. ಮೇಲಾಗಿ ಗಂಡನ ಹೆಸರನ್ನು ಬಾಯಿತುಂಬ ಹಿಡಿಯುವವಳು. ದುಡಿಯಲು ಪರವೂರಿನಲ್ಲಿರುವ ನನ್ನ ಮಗ ವಿಜಯಕುಮಾರನನ್ನು, ಮನೆಗೆ ಬಂದಾಗ, ನನ್ನೆದುರಿಗೇ, ಅವನ ಗೆಳೆಯರೆದುರಿಗೇ, ವಿಜೂ ವಿಜೂ ಎಂದು ಕರೆಯುತ್ತಾಳೆ. ಗಂಡನ ಹೆಸರಿಗೇ ಅಂಜದವಳು ಅತ್ತೆಯ ಹೆಸರಿಗೆ ಅಂಜುತ್ತಾಳೆಯೇ ಎಂದು ನನ್ನ ಮನಸ್ಸು ಲೆಕ್ಕ ಹಾಕಿತು.

ಸಂಜೆಯವರೆಗೂ ಆಕೆಯ ಮೇಲೊಂದು ಕಣ್ಣಿಟ್ಟಿದ್ದೆ. ಫೋನು ಮುಟ್ಟಿದರೆ ಯಾರದು ಎಂದೆ. ಕೋಣೆಗೆ ಹೋದರೆ ಏನು ಕೆಲಸ ಎಂದೆ. ಕೊನೆಗೆ ತಡೆಯಲಾರದೆ, ಆ ಡಬ್ಬಿಯಲ್ಲಿ ಏನು ತರಿಸಿದ್ದೆ ತೋರಿಸು ಎಂದುಬಿಟ್ಟೆ. ಆಕೆ ನನ್ನ ಮುಖ ನೋಡಿದಳು. ಒಳಗೆ ಹೋಗಿ ಡಬ್ಬಿಯನ್ನೇ ತಂದು ನನ್ನ ಕಾಲ ಬಳಿ ಸುರಿದಳು. ರವಿಕೆಗೆ ಹಚ್ಚುವ ಲೇಸು, ಗುಂಡಿ, ದಾರ. ಊರ ಹೆಂಗಸರ ರವಿಕೆ ಹೊಲಿದು ತಾನು ಗಳಿಸಿದ ದುಡ್ಡಿನಲ್ಲಿ ತರಿಸಿದ್ದಳು.

"ಫೋನ್ ಬಂದದ್ದು ಹೇಳಿದ್ರಿ, ಕಾರ್ಡಿಂದು ಹೇಳಿದ್ರಿ. ನನ್ನ ಮ್ಯಾಲ ಸಂಶೆ ಅದ ಅನ್ನೂದ ಒಂದು ಹೇಳಲಿಲ್ಲ," ಎಂದಳು. "ನಡೀರಿ ಅತ್ತಿ, ನಾಳಿ ಮುಂಜಾನೆ ಇಬ್ರೂ ಬ್ಯಾಂಕಿಗೆ ಹೋಗೂಣು. ಯಾರು ಏನ ಮಾಡ್ಯಾರ ಅಲ್ಲೇ ತಿಳೀತದ."

ತಪ್ಪು ಮಾಡಿದವಳು ಹೀಗೆ ತಾನಾಗಿ ಕರೆಯುತ್ತಾಳೆಯೇ? ಅಥವಾ ನಾನು ಹೋಗಲಾರೆ ಎಂಬ ಧೈರ್ಯದಿಂದ ಕರೆಯುತ್ತಿದ್ದಾಳೆಯೇ? ಇವರು ಮನೆ ಬಿಟ್ಟು ಅಲುಗಬೇಡ ಎಂದದ್ದು ಸೊಸೆಗೂ ಗೊತ್ತಿತ್ತು. ನೋಡೇಬಿಡೋಣ ಎಂದು ಮುಂಜಾನೆ ಆಕೆಯ ಸ್ಕೂಟಿಯ ಹಿಂದೆ ಕೂತು ಜತ್ತಕ್ಕೆ ಹೊರಟೆ.

ಬ್ಯಾಂಕಿನಲ್ಲಿ ಕಾರ್ಡಿನ ಮೇಜಿಗೆ ಕೂತವನು ಸೋಮನಾಥ ಎಂಬ ಹುಡುಗ. ಕರಜಗಿಯವನಂತೆ, ಕನ್ನಡದವನೇ. ನನ್ನ ಆಧಾರು ನೋಡಿ, ಕಂಪ್ಯೂಟರು ನೋಡಿ, ಮತ್ತೆ ನನ್ನನ್ನು ನೋಡಿದ. ನಂದಾ ಎಂಬುವರು ಹಿಂದಿನ ವಾರವೇ ಫೋನಿನಲ್ಲಿ ಗುರುತು ಹೇಳಿದ್ದಾರಲ್ಲ ಎಂದ. ಹಾಗೆಂದವನು ನನ್ನ ಆಧಾರನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ತಿರುವಿದ. ನಾನು ಹುಡುಕಲು ಬಂದದ್ದು ಕಳ್ಳಿಯನ್ನು. ಅವನ ಕಣ್ಣಿಗೆ ಕಳ್ಳಿ ನಾನೇ ಆಗಿದ್ದೆ. ಖಾತ್ರಿಗಾಗಿ ಕೆಲವು ಪ್ರಶ್ನೆ ಕೇಳುತ್ತೇನೆ ಎಂದ. ಹುಟ್ಟಿದ ದಿನ ಹೇಳಿದೆ. ತಾಯಿಯ ಹೆಸರು ಅಕ್ಕವ್ವ ಎಂದೆ. ಯಜಮಾನರ ಹೆಸರು ಎಂದ.

ನನ್ನ ಹಿಂದೆ ಪಾಳಿ ಹಚ್ಚಿ ನಿಂತವರು ಕೆಮ್ಮಿದರು. ಆಧಾರಿನ ಮೇಲೆ ಬರೆದಿದೆ, ಓದಿಕೋ ಎಂದೆ. ಬಾಯಿಂದ ಹೇಳಬೇಕು, ಅದೇ ನಿಯಮ ಎಂದ. ನೀನು ಹೇಳು ಎಂದು ಸೊಸೆಗೆ ಕಣ್ಸನ್ನೆ ಮಾಡಿದೆ. ಗಂಡನ ಹೆಸರನ್ನು ಬೀದಿಯಲ್ಲಿ ಕೂಗುವ ಈ ಹುಡುಗಿ, ಮಾವನವರ ಹೆಸರನ್ನು ನಾನೂ ಹೇಳುವುದಿಲ್ಲ ಎಂದು ತಲೆ ತಗ್ಗಿಸಿದಳು. ಪಾಳಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೆ ಅಳುವೂ ಬಂತು, ನಗುವೂ ಬಂತು. ಕೊನೆಗೆ ಸೆರಗನ್ನು ಬಾಯಿಗೆ ಹಿಡಿದುಕೊಂಡು, ಮದುಮಗಳ ಹಾಗೆ, ಆ ಕಂಪ್ಯೂಟರಿನ ಮುಂದೆ ನನ್ನ ಒಡಪು ಹೇಳಿದೆ. ನೆರಳು, ಕೊರಳು, ನಡುವೆ ಇವರ ಹೆಸರು.

ಸೋಮನಾಥನಿಗೆ ಒಡಪು ತಿಳಿಯಿತು. ಅವನ ಮುಖ ಸಡಿಲಾಯಿತು. ನಮ್ಮವ್ವನೂ ಹೀಗೇ ಅಕ್ಕಾರ ಎಂದು, ಹೆಡ್ಡಾಫೀಸಿನಲ್ಲಿ ಏನು ಬರೆದಿಟ್ಟಿದ್ದಾರೆ ಎಂದು ಓದಿ ಹೇಳಿದ. ಕಾರ್ಡಿನ ಅರ್ಜಿಯಲ್ಲಿ ಕೊಟ್ಟ ನಂಬರು ಬೇರೆ, ನನ್ನ ಉಳಿತಾಯ ಖಾತೆಯಲ್ಲಿರುವ ನಂಬರು ಬೇರೆ. ಫೋನಿನಲ್ಲಿ ಉತ್ತರ ಕೊಟ್ಟ ಹೆಂಗಸು ಒಂದು ಪ್ರಶ್ನೆಗೆ ಹೇಳಿದ್ದು ಅಲ್ಲಿಯವರಿಗೆ ತಿಳಿದಿಲ್ಲ. ಹಾಗಾಗಿ ಖಾತೆಯ ಹಳೆಯ ನಂಬರಿಗೆ, ಎಂದರೆ ನನಗೆ, ಮತ್ತೆ ಫೋನು ಮಾಡಿದ್ದಾರೆ. ನಾನು ಬೈದದ್ದು ಬ್ಯಾಂಕಿನವರನ್ನೇ.

ಆಕೆ ಮಾತಾಡಿದ್ದು ಇಟ್ಟುಕೊಂಡಿದ್ದೀರಾ ಎಂದು ಕೇಳಿದೆ. ರೆಕಾರ್ಡು ಇರುತ್ತದೆ ಎಂದ. ಹಾಗಾದರೆ ಕೇಳಿಸು, ಅದು ನಾನಲ್ಲ ಎಂಬುದು ಒಂದೇ ಮಾತಿನಲ್ಲಿ ಗೊತ್ತಾಗುತ್ತದೆ ಎಂದೆ. ಕಳ್ಳಿಯಾದವಳು ಇವರ ಹೆಸರನ್ನು ಪಟ್ಟನೆ ಹೇಳಿರುತ್ತಾಳೆ. ಅವಳಿಗೇನು, ಯಾವನೋ ಒಬ್ಬ ಗಂಡಸಿನ ಹೆಸರು. ಹೀಗೆಂದು ಸೊಸೆಯ ಕಡೆ ವಾರೆಗಣ್ಣಿನಲ್ಲಿ ನೋಡಿದೆ. ಆ ದನಿ ಆಕೆಯದಾಗಿದ್ದರೆ ಈಗ ಬಣ್ಣ ಬಯಲಾಗುತ್ತದೆ, ಮಗನಿಗೆ ಏನು ಹೇಳುವುದು ಎಂದು ಒಳಗೊಳಗೇ ಯೋಚಿಸುತ್ತಿದ್ದೆ. ಸೃಷ್ಟಿ ಮಾತ್ರ ಕೇಳಿಸಿರಿ ಕೇಳಿಸಿರಿ ಎಂದು ನನಗಿಂತ ಮುಂದಾದಳು.

ಸೋಮನಾಥ ಯಾರಿಗೋ ಫೋನು ಮಾಡಿ, ಮರಾಠಿಯಲ್ಲಿ ಕೇಳಿಕೊಂಡು, ಮೊದಲು ತಾನೊಬ್ಬನೇ ಕಿವಿಗೆ ಹಚ್ಚಿಕೊಂಡು ಕೇಳಿದ. ಕೇಳುತ್ತ ಕೇಳುತ್ತ ಅವನು ನನ್ನ ಕಡೆ ನೋಡುವುದನ್ನೇ ಬಿಟ್ಟ. ಆಮೇಲೆ ಫೋನು ಕೆಳಗಿಟ್ಟು, ಬ್ಯಾಡ ಬಿಡ್ರಿ ಅಕ್ಕಾರ, ಹಂಗೇ ಬಂದ್ ಮಾಡಿಕೊಡುತ್ತೇನೆ, ಇಲ್ಲೊಂದು ಸಹಿ ಮಾಡಿರಿ ಎಂದ. ಮುಚ್ಚಿಡಲು ನೋಡಿದವನ ಮುಂದೆ ನಾನು ಬಿಡುವವಳೇ? ನಿನಗೂ ಅವಳಿಗೂ ಏನಾದರೂ ಒಳಸಂಧಾನವಿದೆಯೇ ಎಂದು ಎಲ್ಲರಿಗೂ ಕೇಳುವಂತೆ ಅಂದೆ. ಪಾಪ, ಹುಡುಗನ ಮುಖ ಬಾಡಿತು. ಫೋನನ್ನು ನಮ್ಮಿಬ್ಬರ ನಡುವೆ ಇಟ್ಟು ದನಿ ಸಣ್ಣದು ಮಾಡಿ ಹಚ್ಚಿದ.

ಅದು ಸೃಷ್ಟಿಯ ದನಿ ಅಲ್ಲ. ವಯಸ್ಸಾದ ದನಿಯೂ ಅಲ್ಲ. ಮರಾಠಿಯಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ನಿಧಾನವಾಗಿ ಹೇಳುತ್ತಿತ್ತು. ನನ್ನ ಹೆಸರನ್ನು ತನ್ನದೆಂದು ಹೇಳಿತು. ನನ್ನ ಹುಟ್ಟಿದ ದಿನ ಹೇಳಿತು. ತಾಯಿ ಅಕ್ಕವ್ವ, ಊರು ಸೋನ್ಯಾಳ. ಒಂದೂ ತಪ್ಪಲಿಲ್ಲ, ಪಾಠ ಒಪ್ಪಿಸುವ ಹಾಗೆ ಒಪ್ಪಿಸಿತು. ನನ್ನ ಹಡೆದವ್ವನ ಹೆಸರು ಬೇರೊಬ್ಬಳ ಬಾಯಲ್ಲಿ ಬಂದಾಗ ಮೈಯೆಲ್ಲ ಉರಿಯಿತು. ಎಲಾ ಇವಳ, ಸಿಗಲಿ ಕೈಗೆ ಎಂದುಕೊಂಡೆ. ಯಜಮಾನರ ಹೆಸರು ಎಂದು ಅಲ್ಲಿಯವನು ಕೇಳಿದ.

ಆ ಕಡೆ ಮಾತು ನಿಂತಿತು. ಅವನು ಮತ್ತೆ ಕೇಳಿದ. ಬಳೆಯ ಸಪ್ಪಳ, ಸಣ್ಣ ನಗು. ನಾಚಿಕೆಯ ನಗು ಅದು. ಅಂಥ ನಗು ಹೆಂಗಸರಿಗೆ ಗೊತ್ತಾಗುತ್ತದೆ. ಆಮೇಲೆ ಮರಾಠಿ ಬಿಟ್ಟು, ನಮ್ಮ ಕಡೆಯ ಕನ್ನಡದಲ್ಲಿ, ಬಡಬಡ ಹೇಳಿ ಮುಗಿಸಿದಳು.

"ಗುಡ್ಡಾಪುರ ದಾನಮ್ಮಗ ಉಡಿ ತುಂಬೀನಿ ಹಸರ ಖಣ, — ಅವರು ಮನಿಗೆ ಬಂದ ದಿನಾನ ನನಗ ಸಣ."

ಸಣ ಎಂದರೆ ನಮ್ಮ ಗಡಿ ಭಾಗದ ಮಾತಿನಲ್ಲಿ ಹಬ್ಬ. ಗೆರೆ ಎಳೆದ ಜಾಗದಲ್ಲಿ ಇವರ ಹೆಸರು.

ಅಲ್ಲಿಯವನಿಗೆ ತಿಳಿಯದ್ದು ಇದೇ. ನನಗೆ ತಿಳಿಯಿತು. ಕಳ್ಳಿಯಾಗಿದ್ದರೆ ಹೆಸರನ್ನು ಪಟ್ಟನೆ ಹೇಳುತ್ತಿದ್ದಳು. ಕೂಲಿಗೆ ಮಾತಾಡಿದವಳಾಗಿದ್ದರೂ ಹೇಳುತ್ತಿದ್ದಳು. ನನ್ನ ಹೆಸರು, ನನ್ನವ್ವನ ಹೆಸರು ಹೇಳಲು ಹಿಂಜರಿಯದ ಬಾಯಿ ಅಲ್ಲಿಗೆ ಬಂದು ತಡೆಯಿತು. ಆಕೆಯೂ ಇವರ ಹೆಸರು ಹಿಡಿಯುವುದಿಲ್ಲ. ಇವರು ಆಕೆಯ ಮನೆಗೆ ಬರುತ್ತಾರೆ, ಬಂದ ದಿನ ಆಕೆಗೆ ಹಬ್ಬ. ಸೋಮವಾರ, ಮಂಗಳವಾರ, ಬುಧವಾರ.

ಸೃಷ್ಟಿ ನನ್ನ ಕೈ ಹಿಡಿದಿದ್ದಳು, ಯಾವಾಗ ಹಿಡಿದಳೋ ಗೊತ್ತಿಲ್ಲ. ಆಕೆಗೂ ಅರ್ಥವಾಗಿತ್ತು. ಅರ್ಜಿ ಕೊಟ್ಟವರು ಯಾರು ಎಂದು ನಾನೇ ಕೇಳಿದೆ. ಸೋಮನಾಥ ಮೆಲ್ಲಗೆ ಹೇಳಿದ. ಅದು ಬೇರೆ ಕಾರ್ಡಲ್ಲವಂತೆ, ಯಜಮಾನರ ಕಾರ್ಡಿಗೆ ಜೋಡಿಯಾಗಿ ಹೆಂಡತಿಯ ಹೆಸರಿನಲ್ಲಿ ಕೊಡುವ ಇನ್ನೊಂದು ಕಾರ್ಡು. ಬೇರೆ ಯಾರ ಹೆಸರಿನಲ್ಲೂ ಕೊಡುವುದಿಲ್ಲ, ಹೆಂಡತಿಯೇ ಆಗಿರಬೇಕು. ಕಳಿಸಿದ ವಿಳಾಸ ತಾಸಗಾಂವದ್ದು.

ಆಕೆಗೆ ಸೀರೆ ಕೊಡಿಸಿದ್ದರೆ ಕೊಡಿಸಲಿ, ಮನೆ ಮಾಡಿಕೊಟ್ಟಿದ್ದರೆ ಕೊಡಲಿ ಎಂದು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆನೇನೋ, ಗೊತ್ತಿಲ್ಲ. ಹಾಕಿಕೊಂಡ ಹೆಂಗಸರು ನಮ್ಮಲ್ಲಿ ಇಲ್ಲದೆ ಇಲ್ಲ. ಆದರೆ ಇವರು ನನ್ನನ್ನೇ ಎತ್ತಿ ಕೊಟ್ಟಿದ್ದರು. ಯಾರಿಗೂ ಹೇಳಬೇಡ ಎಂದು ನನಗೆ ಕಲಿಸಿದ್ದನ್ನೆಲ್ಲ ತಾವೇ ಕೂತು ಆಕೆಗೆ ಕಲಿಸಿದ್ದರು. ನಾನು ಇಲ್ಲಿ ಜೋಳ ಹಸನು ಮಾಡುತ್ತಿದ್ದಾಗ ಅಲ್ಲಿ ಇನ್ನೊಬ್ಬಳು ನಂದಾ ಆಗಿದ್ದಳು.

ಸೋಮನಾಥ ಎರಡು ದಾರಿ ಹೇಳಿದ. ಹೌದು ನಾನೇ ಮಾತಾಡಿದ್ದು ಎಂದರೆ ಕಾರ್ಡು ಚಾಲೂ ಆಗುತ್ತದೆ, ಇಲ್ಲಿಗೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ನಾನಲ್ಲ ಎಂದರೆ ಇವರ ಕಾರ್ಡೂ ಸೇರಿ ಬಂದ್ ಆಗುತ್ತದೆ, ಇವರಿಗೆ ಮೆಸೇಜು ಹೋಗುತ್ತದೆ, ವಿಚಾರಣೆ ನಡೆಯುತ್ತದೆ. ಮನೀ ಮಾತು ಅಕ್ಕಾರ, ವಿಚಾರ ಮಾಡಿ ಹೇಳ್ರಿ ಎಂದ. ವಿಚಾರ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

"ಆಕಿ ನಾನಲ್ಲ," ಎಂದೆ. "ಹಂಗಂತ ಬರಕೋ, ಎಲ್ಲಿ ಸಹಿ ಮಾಡ್ಲಿ ತೋರಸು."

ಹೊರಗೆ ಬಂದು ಸ್ಕೂಟಿಯ ಬಳಿ ನಿಂತಾಗ ಅಳು ತಡೆಯಲಾಗಲಿಲ್ಲ. ಬಸ್ಸಿಗೆ ಕಾಯುವವರೆಲ್ಲ ನೋಡುತ್ತಿದ್ದರು, ನೋಡಲಿ ಎಂದು ಅತ್ತೆ. ನಿನ್ನ ಮೇಲೆ ಸಂಶಯ ಪಟ್ಟೆನಲ್ಲ ಯವ್ವಾ, ನನ್ನ ಬುದ್ಧಿಗೆ ಬೆಂಕಿ ಬೀಳಲಿ ಎಂದು ಸೃಷ್ಟಿಗೆ ಹೇಳಿದೆ. ಆಕೆ ತನ್ನ ಓಢಣಿಯಿಂದ ನನ್ನ ಮುಖ ಒರೆಸಿದಳು. ವಿಜೂಗೆ ಈಗಲೇ ಫೋನು ಮಾಡಲೇ ಎಂದು ಕೇಳಿದಳು. ಬೇಡ, ಮೊದಲು ನಾನು ಮಾತಾಡಬೇಕು ಎಂದೆ. ವಿಜೂ ಎಂದದ್ದು ಅಂದು ನನ್ನ ಕಿವಿಗೆ ಚುಚ್ಚಲಿಲ್ಲ.

ಗುರುವಾರ ಬರಬೇಕಾದವರು ಬುಧವಾರ ದೀಪ ಹಚ್ಚುವ ಹೊತ್ತಿಗೇ ಬಂದರು. ಮೆಸೇಜು ಮುಟ್ಟಿತ್ತು ಎಂದು ಮುಖವೇ ಹೇಳುತ್ತಿತ್ತು. ಸೃಷ್ಟಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲ ಒಳಗೆ ನಿಂತಿದ್ದೆ, ಹಿಂದೆ ನಾದಿನಿಯರು ನನ್ನನ್ನು ತಡೆದು ನಿಂತಿದ್ದ ಜಾಗದಲ್ಲೇ. ಇವರು ಚಪ್ಪಲಿ ಬಿಟ್ಟು, ನನ್ನ ಮುಖ ನೋಡದೆ, ಬ್ಯಾಂಕಿನವರು ಏನೋ ಗೊಂದಲ ಮಾಡಿದ್ದಾರೆ, ಮಾಲಿನ ವ್ಯವಹಾರಕ್ಕೆಂದು ಒಂದು ಕಾರ್ಡು ಮಾಡಿಸಿದ್ದೆ, ಹೇಳಿದರೆ ನಿನಗೆ ತಿಳಿಯುವುದಿಲ್ಲ ಎಂದು ಒಂದೇ ಉಸಿರಿಗೆ ಶುರು ಮಾಡಿದರು. ಏ ಕೇಳಿಲ್ಲಿ, ಮೊದಲು ಒಂದು ತಂಬಿಗೆ ನೀರು ಕೊಡು ಎಂದರು.

ನಾನು ಬಾಗಿಲು ಬಿಡಲಿಲ್ಲ.

"ಶ್ರೀಶೈಲಪ್ಪ," ಎಂದೆ.

ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಇವರು ತಲೆ ಎತ್ತಿದರು. ಅಷ್ಟು ವರ್ಷ ಕೊರಳಲ್ಲಿ ಕಟ್ಟಿಕೊಂಡಿದ್ದ ಹೆಸರು, ಹೇಳಿದ ಮೇಲೆ ಉಳಿದ ಹೆಸರುಗಳ ಹಾಗೆಯೇ ಇತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಖಾತ್ರಿಗೆ ಒಂದ ಪ್ರಶ್ನಿ ಅದ. ಹೇಳಿ ಒಳಗ ಬರ್ರಿ. ನಿಮ್ಮ ಹೆಂಡತಿ ಹೆಸರೇನು?"

ಅಂಗಳದಲ್ಲೇ ನಿಂತರು. ಎದುರು ಮನೆಯವರು ಕಟ್ಟೆಗೆ ಬಂದು ಕೂತರು, ಇವರು ಅದನ್ನೂ ನೋಡಿದರು. ಕೊನೆಗೆ, ಮದುವೆಯಾದಂದಿನಿಂದ ನಾನು ಒಂದು ಸಲವೂ ಇವರ ಬಾಯಿಂದ ಕೇಳದಿದ್ದ ಮಾತು ಬಂತು.

"ನಂದಾ," ಎಂದರು.

"ಯಾವ ನಂದಾ?" ಎಂದು ಕೇಳಿದೆ.